ಗಾಡಿ ನೀರು ಕುಡಿಯುತ್ತಿದೆ

“ಗಾಡಿ ನೀರು ಕುಡಿಯುತ್ತಿದೆ ಮಾರಾಯ್ರೆ.” ಕಾರ್ಕಳದ ನಮ್ಮ ಗ್ಯಾರೇಜಿನ ಮುಂದೆ ಬೆಳಗ್ಗೆ ಬಂದು ನಿಲ್ಲುವ ಲಾರಿಯ ಡ್ರೈವರು ಕೆಳಗಿಳಿಯುತ್ತ ಹೇಳುವ ಮೊದಲ ಮಾತು ಅನೇಕ ಸಲ ಇದೇ. ಎರಡನೆಯ ಮಾತನ್ನೂ ಅವರೇ ಹೇಳಿಬಿಡುತ್ತಾರೆ: “ಹೆಡ್ ಗ್ಯಾಸ್ಕೆಟ್ ಹೋಗಿರಬೇಕು.” ಮೊದಲನೆಯದು ಅವರು ಕಣ್ಣಾರೆ ಕಂಡದ್ದು. ರಾತ್ರಿ ತುಂಬಿಸಿದ ರೇಡಿಯೇಟರಿಗೆ ಬೆಳಗ್ಗೆ ಮತ್ತೆ ಎರಡು ಲೀಟರ್ ಹಿಡಿಯುತ್ತದೆ. ಎರಡನೆಯದು ಊಹೆ. ಇವೆರಡರ ನಡುವೆ ಮಾಡಬೇಕಾದ ಕೆಲಸ ಒಂದಿದೆ. ಅದನ್ನು ಮಾಡದೆ ಹೆಡ್ ಬಿಚ್ಚಿದರೆ ಏನಾಗುತ್ತದೆ ಎಂಬುದನ್ನು ನಾನು ಬಹಳ ವರ್ಷಗಳ ಹಿಂದೆ ಒಬ್ಬ ಡ್ರೈವರಣ್ಣನ ದುಡಿಮೆಯನ್ನು ಹಾಳುಮಾಡಿ ಕಲಿತೆ. ಆ ಸಂಗತಿಯನ್ನು ಹೇಳುತ್ತೇನೆ. ಅದಕ್ಕೂ ಮೊದಲು ನಮ್ಮ ನೆಲದ ಬಗ್ಗೆ ನಾಲ್ಕು ಮಾತು.

ಉಡುಪಿ ಜಿಲ್ಲೆಯ ಲಾರಿ ಎರಡು ಬಗೆಯ ದಾರಿಯಲ್ಲಿ ಓಡುತ್ತದೆ. ಹೆಜಮಾಡಿಯಿಂದ ಪಡುಬಿದ್ರಿ, ಕಾಪು, ಕಟಪಾಡಿ ದಾಟಿ ಉಡುಪಿಗೆ ಬರುವ ರಾಷ್ಟ್ರೀಯ ಹೆದ್ದಾರಿ 66 ಸಮುದ್ರದ ಪಕ್ಕದ ಸಮತಟ್ಟು ದಾರಿ. 1901ರಿಂದ ಉರಿಯುತ್ತಿರುವ ಕಾಪುವಿನ ದೀಪಸ್ತಂಭದ ಆಸುಪಾಸಿನಲ್ಲಿ ಲಾರಿ ಟಾಪ್ ಗೇರಿನಲ್ಲಿ ಹೋಗುವಾಗ ಎದುರುಗಾಳಿ ರೇಡಿಯೇಟರಿನ ಮೂಲಕ ತಾನಾಗಿಯೇ ಹಾಯುತ್ತದೆ. ನೀರಿನಲ್ಲಿ ಸಣ್ಣ ಊನವಿದ್ದರೂ ಇಲ್ಲಿ ಅದು ತೋರುವುದಿಲ್ಲ. ಅದೇ ಲಾರಿ ಕಾರ್ಕಳ, ಬಜಗೋಳಿ ದಾಟಿ ಮಾಳ ಘಾಟಿ ಏರತೊಡಗಿದಾಗ ಎಲ್ಲವೂ ತಲೆಕೆಳಗಾಗುತ್ತದೆ. ಭಾರದ ಗಾಡಿ, ಎರಡನೆಯ ಗೇರು, ತಾಸಿಗೆ ಹತ್ತು ಹದಿನೈದು ಕಿಲೋಮೀಟರ್ ವೇಗ. ಗಾಳಿ ಎಂದರೆ ಫ್ಯಾನು ಎಳೆದಷ್ಟು ಮಾತ್ರ. ಸುಟ್ಟ ಡೀಸೆಲ್ಲಿನ ಕಾವಿನಲ್ಲಿ ಹತ್ತಿರ ಹತ್ತಿರ ಮೂರನೆಯ ಒಂದು ಪಾಲು ಚಕ್ರಕ್ಕೆ ಹೋಗುತ್ತದೆ, ಒಂದು ಪಾಲು ಹೊಗೆಯೊಂದಿಗೆ ಹೊರಬೀಳುತ್ತದೆ, ಉಳಿದದ್ದರಲ್ಲಿ ಹೆಚ್ಚಿನದನ್ನು ಹೊರಬೇಕಾದದ್ದು ಈ ನೀರೇ. ಬಯಲಿನಲ್ಲಿ ಒಂದು ತಿಂಗಳು ಬಚ್ಚಿಟ್ಟುಕೊಂಡ ರೋಗವನ್ನು ಘಾಟಿ ಅರ್ಧ ತಾಸಿನಲ್ಲಿ ಹೊರಹಾಕುತ್ತದೆ.

ರೇಡಿಯೇಟರಿನ ಮುಚ್ಚಳವನ್ನು ಬರೀ ಮುಚ್ಚಳ ಎಂದುಕೊಂಡವರು ಬಹಳ ಮಂದಿ. ಅದು ಒಂದು ವಾಲ್ವು. ತೆರೆದಿಟ್ಟ ನೀರು 100 ಡಿಗ್ರಿ ಸೆಲ್ಸಿಯಸ್ಸಿಗೆ ಕುದಿಯುತ್ತದೆ. ಮುಚ್ಚಳ ಒಳಗೆ ಒಂದು ಬಾರ್, ಅಂದರೆ ಸುಮಾರು 15 ಪೌಂಡ್ ಒತ್ತಡ ಹಿಡಿದಿಟ್ಟರೆ ಅದೇ ನೀರು ಕುದಿಯಲು 120 ಡಿಗ್ರಿ ಬೇಕು. ಮುಚ್ಚಳದ ರಬ್ಬರು ಬಿರಿದು ಒತ್ತಡ ಸೋರಿದರೆ ಆ 20 ಡಿಗ್ರಿಯ ರಕ್ಷಣೆ ಹೋಯಿತು. ಮೇಲಾಗಿ ಎತ್ತರಕ್ಕೆ ಹೋದಂತೆ ನೀರು ಬೇಗ ಕುದಿಯುತ್ತದೆ. ಸಮುದ್ರಮಟ್ಟದಿಂದ 640 ಮೀಟರಿನಷ್ಟು ಎತ್ತರದ ಆಗುಂಬೆಯಲ್ಲಿ ತೆರೆದಿಟ್ಟ ನೀರು 98 ಡಿಗ್ರಿಗೇ ಕುದಿಯುತ್ತದೆ. ಆದ್ದರಿಂದ ನೀರು ಕಡಿಮೆಯಾಗುತ್ತಿದೆ ಎಂದವರ ಗಾಡಿಯಲ್ಲಿ ನಾನು ಮೊದಲು ಕೈಗೆತ್ತಿಕೊಳ್ಳುವುದು ಆ ಮುಚ್ಚಳವನ್ನು. ಅದನ್ನೇ ಪರೀಕ್ಷಿಸದೆ ಎಂಜಿನ್ ಬಿಚ್ಚಿದವರನ್ನು ಕಂಡಿದ್ದೇನೆ.

ಹೆಡ್ ಗ್ಯಾಸ್ಕೆಟ್ಟಿನ ಕೆಲಸ ಏನು? ಎಂಜಿನ್ನಿನ ಬ್ಲಾಕಿಗೂ ಮೇಲಿನ ಹೆಡ್ಡಿಗೂ ನಡುವೆ ಕೂರುವ ತೆಳ್ಳಗಿನ ಹಾಳೆ ಅದು. ಅದರಲ್ಲಿ ಸಿಲಿಂಡರಿನ ದೊಡ್ಡ ತೂತುಗಳು, ಸುತ್ತ ನೀರಿನ ತೂತುಗಳು, ಆಯಿಲ್ಲಿನ ತೂತುಗಳು, ಬೋಲ್ಟಿನ ತೂತುಗಳು. ಬೆಂಕಿ, ನೀರು, ಎಣ್ಣೆ ಮೂರೂ ಕೆಲವೇ ಮಿಲಿಮೀಟರ್ ಅಂತರದಲ್ಲಿ ಹರಿಯುತ್ತವೆ. ಒಂದಕ್ಕೊಂದು ತಾಗಬಾರದು. ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಟಾಟಾ 697 ಎಂಜಿನ್ನನ್ನೇ ತೆಗೆದುಕೊಳ್ಳಿ. ಆರು ಸಿಲಿಂಡರು, ಒಂದೊಂದೂ 97 ಮಿಲಿಮೀಟರ್ ಅಗಲ, ಅದರಿಂದಲೇ ಆ ಹೆಸರು. ಡೀಸೆಲ್ ಉರಿದಾಗ ಒಳಗೆ 100 ಬಾರ್ ಒತ್ತಡ ಹುಟ್ಟಿತು ಎಂದಿಟ್ಟುಕೊಂಡರೆ ಒಂದು ಸಿಲಿಂಡರು ಹೆಡ್ಡನ್ನು ಮೇಲಕ್ಕೆ ತಳ್ಳುವ ಬಲ ಏಳೂವರೆ ಟನ್ನು. ಟರ್ಬೋ ಇರುವ ಹೊಸ ಎಂಜಿನ್ನುಗಳಲ್ಲಿ ಇದು ಇನ್ನೂ ಹೆಚ್ಚು. ನಿಮಿಷಕ್ಕೆ 2000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರೂ ಹೀಗೆ ನಿಮಿಷಕ್ಕೆ ಸಾವಿರ ಸಲ ತಳ್ಳುತ್ತದೆ. ಹೆಡ್ಡನ್ನು ಬಿಗಿಹಿಡಿದ ಬೋಲ್ಟುಗಳು, ಅದರಡಿ ಒತ್ತಿಕೊಂಡಿರುವ ಆ ಹಾಳೆ. ಇಷ್ಟು ತಾಳುವ ವಸ್ತು ಸುಮ್ಮನೆ ಹಾಳಾಗುವುದಿಲ್ಲ. ಏನೋ ಒಂದು ಅದನ್ನು ಹಾಳುಮಾಡುತ್ತದೆ, ಹೆಚ್ಚಿನ ಸಲ ಅತಿಯಾದ ಬಿಸಿ. ಆ ಬಿಸಿಗೆ ಬೇರೆ ಕಾರಣ ಇರುತ್ತದೆ.

ಈಗ ನನ್ನ ತಪ್ಪಿನ ವಿಷಯ. ಸ್ವಂತ ಗ್ಯಾರೇಜು ಶುರುಮಾಡಿ ಎರಡು ವರ್ಷ ಆಗಿರಬೇಕು. ಕಾರ್ಕಳ ಕಲ್ಲಿನ ಊರು. 42 ಅಡಿಯ ಗೊಮ್ಮಟನನ್ನು 1432ರಲ್ಲಿ ನಿಲ್ಲಿಸಿದ ಊರಿನಲ್ಲಿ ಇವತ್ತಿಗೂ ಕಲ್ಲು ಹೇರುವ ಲಾರಿಗಳಿಗೆ ಬಿಡುವಿಲ್ಲ. ಅಂಥ ಒಂದು ಲಾರಿ ಬಂತು. ಡ್ರೈವರಣ್ಣನೇ ಮಾಲಕರು, ಸಾಲದ ಕಂತು ನಡೆಯುತ್ತಿತ್ತು. ನೀರು ಕಡಿಮೆಯಾಗುತ್ತದೆ, ರೇಡಿಯೇಟರಿನಲ್ಲಿ ಗುಳ್ಳೆ ಏಳುತ್ತದೆ, ಮೇಲಿನ ಹೋಸ್ ಪೈಪು ಕಲ್ಲಿನಂತೆ ಗಟ್ಟಿಯಾಗುತ್ತದೆ. ನನಗೆ ಅಷ್ಟೇ ಸಾಕಾಯಿತು. ಗುಳ್ಳೆ ಕಂಡರೆ ಗ್ಯಾಸ್ಕೆಟ್ ಎಂದು ಕಲಿತವನು ನಾನು. ಅವರು ಇನ್ನೊಂದು ಮಾತು ಹೇಳಿದ್ದರು: “ಏರುವಾಗ ಅಷ್ಟಿಲ್ಲ, ಇಳಿಯುವಾಗಲೇ ನೀರು ಚೆಲ್ಲುವುದು.” ನಾನು ಹೂಂ ಎಂದೆ, ಕೇಳಿಸಿಕೊಳ್ಳಲಿಲ್ಲ. ಹೆಡ್ ಇಳಿಸಿದೆ. ಹಳೆಯ ಗ್ಯಾಸ್ಕೆಟ್ಟಿನಲ್ಲಿ ಎಲ್ಲಿಯೂ ಸುಟ್ಟ ಗೆರೆ ಇರಲಿಲ್ಲ. ಅದನ್ನೂ ಕಣ್ಣು ಕಂಡಿತು, ತಲೆ ಕಾಣಲಿಲ್ಲ. ಹೊಸದು ಹಾಕಿ ಮೂರನೆಯ ದಿನ ಗಾಡಿ ಕೊಟ್ಟೆ. ವಾರದೊಳಗೆ ಅದೇ ದೂರು. ಗ್ಯಾಸ್ಕೆಟ್ ಸರಿ ಕೂತಿಲ್ಲ ಎಂದುಕೊಂಡು ಎರಡನೆಯ ಸಲ ಹೆಡ್ ಬಿಚ್ಚಿದೆ. ಅವರು ಆ ತಿಂಗಳ ಕಂತು ಕಟ್ಟಲಾಗದೆ ಮನೆಯ ಒಡವೆ ಅಡವಿಟ್ಟರು ಎಂಬುದು ನನಗೆ ಆಮೇಲೆ ತಿಳಿಯಿತು.

ಹಾಳಾಗಿದ್ದದ್ದು ಏರ್ ಕಂಪ್ರೆಸರು.

ಕಾರಿನಲ್ಲಿ ಇಲ್ಲದ, ಲಾರಿಯಲ್ಲಿ ಇರುವ ಭಾಗ ಇದು. ಲಾರಿಯ ಬ್ರೇಕು ಗಾಳಿಯದು. ಆ ಗಾಳಿಯನ್ನು ಏಳೆಂಟು ಬಾರ್ ಒತ್ತಡಕ್ಕೆ ತುಂಬಿಸುವ ಪುಟ್ಟ ಕಂಪ್ರೆಸರು ಎಂಜಿನ್ನಿಗೇ ಜೋಡಿಸಿರುತ್ತದೆ. ಹಲವು ಗಾಡಿಗಳಲ್ಲಿ ಅದರ ತಲೆಯನ್ನು ತಂಪಿಡುವುದೂ ಎಂಜಿನ್ನಿನ ನೀರೇ. ಅದಕ್ಕೂ ಒಂದು ಹೆಡ್ಡು, ಅದಕ್ಕೂ ಒಂದು ಗ್ಯಾಸ್ಕೆಟ್ಟು. ಅದು ತೂತಾದರೆ ಬ್ರೇಕಿನ ಗಾಳಿ ನೀರಿನ ದಾರಿಗೆ ನುಗ್ಗುತ್ತದೆ. ರೇಡಿಯೇಟರಿನಲ್ಲಿ ಗುಳ್ಳೆ, ಗಟ್ಟಿಯಾದ ಹೋಸು, ಮುಚ್ಚಳದಿಂದ ಚೆಲ್ಲುವ ನೀರು, ಎಲ್ಲವೂ ಎಂಜಿನ್ನಿನ ಹೆಡ್ ಗ್ಯಾಸ್ಕೆಟ್ ಹೋದಂತೆಯೇ. ಡ್ರೈವರಣ್ಣನ ಮಾತಿನಲ್ಲಿ ಉತ್ತರ ಇತ್ತು. ಘಾಟಿ ಏರುವಾಗ ಎಂಜಿನ್ನಿನ ಸಿಲಿಂಡರಿಗೆ ಭಾರ. ಗ್ಯಾಸ್ಕೆಟ್ ಹೋಗಿದ್ದರೆ ಏರುವಾಗ ನೀರು ಚೆಲ್ಲಬೇಕು. ಇಳಿಯುವಾಗ ಕಾಲು ಬ್ರೇಕಿನ ಮೇಲೆ, ಟ್ಯಾಂಕಿನ ಗಾಳಿ ಕರಗುತ್ತದೆ, ಕಂಪ್ರೆಸರು ಬಿಡುವಿಲ್ಲದೆ ದುಡಿಯುತ್ತದೆ. ಇಳಿಯುವಾಗಲೇ ನೀರು ಚೆಲ್ಲುತ್ತದೆ ಎಂದರೆ ಅಲ್ಲಿಗೆ ಕೈ ತೋರಿಸಿದಂತೆ. ಅವರು ಮೊದಲ ದಿನವೇ ಹೇಳಿದ್ದರು. ಕೆಲಸದ ಹಣವನ್ನು ನಾನು ಹಿಂದೆ ಕೊಟ್ಟೆ. ಕಳೆದ ದಿನಗಳನ್ನು ಕೊಡಲು ಆಗಲಿಲ್ಲ.

ಅಂದಿನಿಂದ ಯಾವ ಲಾರಿ ಬಂದರೂ ನಾನು ಸ್ಪಾನರು ಹಿಡಿಯುವ ಮೊದಲು ಡ್ರೈವರನ್ನು ಕೂರಿಸಿ ಚಹಾ ಕೊಟ್ಟು ಕೇಳುತ್ತೇನೆ. ಎಷ್ಟು ಕಿಲೋಮೀಟರಿಗೆ ಎಷ್ಟು ಲೀಟರ್? ಓಡುವಾಗಲೋ, ರಾತ್ರಿ ನಿಂತಾಗಲೋ? ಏರಿನಲ್ಲೋ, ಇಳಿಜಾರಿನಲ್ಲೋ? ಮೊದಲು ಬಿಸಿಯಾಗಿ ಆಮೇಲೆ ನೀರು ಹೋಯಿತೋ, ಮೊದಲು ನೀರು ಹೋಗಿ ಆಮೇಲೆ ಬಿಸಿಯಾಯಿತೋ? ಈ ಕೊನೆಯ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕರೆ ಅರ್ಧ ಕೆಲಸ ಮುಗಿಯಿತು. ನೀವು ಲಾರಿ ಓಡಿಸುವವರಾದರೆ ಡೀಸೆಲ್ ಲೆಕ್ಕದ ಪುಸ್ತಕದಲ್ಲಿಯೇ ಇನ್ನೊಂದು ಗೆರೆ ಎಳೆದು ನೀರಿನ ಲೆಕ್ಕವನ್ನೂ ಬರೆಯಿರಿ ಎಂದು ಕೇಳಿಕೊಳ್ಳುತ್ತೇನೆ.

ಆಮೇಲೆ ಹೊರಗಿನ ಹುಡುಕಾಟ. ಎಂಜಿನ್ ಪೂರಾ ತಣಿದಿರಬೇಕು. ರೇಡಿಯೇಟರಿನ ಬಾಯಿಗೆ ಕೈಪಂಪು ಜೋಡಿಸಿ, ಮುಚ್ಚಳದ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು ಬಿಡಬೇಕು. ಮುಳ್ಳು ಇಳಿಯುತ್ತದೆಯೇ ನೋಡುತ್ತ ಟಾರ್ಚು ಹಿಡಿದು ಅಡಿಗೆ ಹೋಗಬೇಕು. ಹೋಸಿನ ಕ್ಲಿಪ್ಪು, ರೇಡಿಯೇಟರಿನ ಅಡಿ, ಬ್ಲಾಕಿನ ಪಕ್ಕದ ದುಂಡು ಬಿಲ್ಲೆಗಳು, ಗ್ಯಾರೇಜಿನವರು ವಾಟರ್ ಬಾಡಿ ಎನ್ನುವ ನೀರಿನ ಪಂಪು. ಆ ಪಂಪಿನ ಕೆಳಗೆ ಒಂದು ಸಣ್ಣ ತೂತು ಇರುತ್ತದೆ. ಒಳಗಿನ ಸೀಲು ಹೋದರೆ ತಿಳಿಯಲಿ ಎಂದೇ ತಯಾರಿಸಿದವರು ಅದನ್ನು ಇಟ್ಟಿರುತ್ತಾರೆ. ಅಲ್ಲಿಂದ ನೀರು ತೊಟ್ಟಿಕ್ಕುವುದನ್ನು ಕಂಡು ಎಂಸೀಲ್ ಮೆತ್ತಿ ಮುಚ್ಚಿದ್ದನ್ನು ನೋಡಿದ್ದೇನೆ. ದಯವಿಟ್ಟು ಹಾಗೆ ಮಾಡಬೇಡಿ. ಮುಚ್ಚಿದರೆ ನೀರು ಪಂಪಿನ ಬೇರಿಂಗಿಗೆ ಹೋಗುತ್ತದೆ. ಕೆಲವು ಸೋರಿಕೆ ಎಂಜಿನ್ ತಣ್ಣಗಿದ್ದಾಗ ಮಾತ್ರ ಕಾಣುತ್ತದೆ, ಬಿಸಿಯಾದಾಗ ಲೋಹ ಹಿಗ್ಗಿ ಮುಚ್ಚಿಕೊಳ್ಳುತ್ತದೆ. ಅದಕ್ಕಾಗಿಯೇ ಒತ್ತಡ ಕೊಟ್ಟು ಒಂದು ರಾತ್ರಿ ಬಿಡುವುದು ನನ್ನ ಅಭ್ಯಾಸ.

ಹೊರಗೆ ಎಲ್ಲಿಯೂ ಒದ್ದೆ ಇಲ್ಲ, ಮುಳ್ಳು ಮಾತ್ರ ಇಳಿದಿದೆ ಎಂದರೆ ನೀರು ಒಳಗೆ ಹೋಗುತ್ತಿದೆ. ಒಳಗೆ ಅದಕ್ಕೆ ಮುಖ್ಯವಾಗಿ ಎರಡು ದಾರಿ, ಆಯಿಲ್ಲಿಗೆ ಅಥವಾ ಸಿಲಿಂಡರಿಗೆ. ಆಯಿಲ್ಲಿಗೆ ಹೋಗುತ್ತಿದೆಯೇ ಎಂದು ತಿಳಿಯಲು ರಾತ್ರಿಯಿಡೀ ನಿಂತ ಗಾಡಿಯ ಆಯಿಲ್ ಚೇಂಬರಿನ ತಳದ ಬೋಲ್ಟನ್ನು ಮೆಲ್ಲನೆ ಸಡಿಲಿಸಿ ನೋಡಬೇಕು. ನೀರು ಆಯಿಲ್ಲಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ, ಮೊದಲು ಅದೇ ಬರುತ್ತದೆ. ನೀರು ಬೆರೆತ ಆಯಿಲ್ಲು ಹಾಲು ಜಾಸ್ತಿ ಹಾಕಿದ ಚಹಾದಂತೆ ಕಾಣುತ್ತದೆ. ಆದರೆ ಇಲ್ಲಿ ನಮ್ಮ ಮಳೆಗಾಲ ಒಂದು ಮೋಸ ಮಾಡುತ್ತದೆ. ಆಷಾಢದಲ್ಲಿ ಉಡುಪಿ, ಮಣಿಪಾಲದ ನಡುವೆಯೇ ಜಲ್ಲಿ, ಮರಳು ಸಾಗಿಸುತ್ತ ಎಂಜಿನ್ ಸರಿಯಾಗಿ ಬಿಸಿಯಾಗುವ ಮೊದಲೇ ನಿಲ್ಲುವ ಗಾಡಿಗಳಲ್ಲಿ ಗಾಳಿಯ ತೇವವೇ ಆಯಿಲ್ ಹಾಕುವ ಮುಚ್ಚಳದ ಒಳಗೆ ಬಿಳಿ ನೊರೆಯಾಗಿ ಕೂರುತ್ತದೆ. ಅದನ್ನು ನೋಡಿಯೇ ಗ್ಯಾಸ್ಕೆಟ್ ಎಂದು ತೀರ್ಮಾನಿಸಬಾರದು. ಡಿಪ್ ಸ್ಟಿಕ್ಕು ಏನು ಹೇಳುತ್ತದೆ, ಮಟ್ಟ ಏರಿದೆಯೇ ನೋಡಬೇಕು.

ನೀರಿನಲ್ಲಿ ಆಯಿಲ್ ಕಂಡರೆ ನಾನು ಹೆಡ್ಡಿನ ಕಡೆಗೆ ಹೋಗುವ ಮೊದಲು ಆಯಿಲ್ ಕೂಲರನ್ನು ನೋಡುತ್ತೇನೆ. ಓಡುವಾಗ ಆಯಿಲ್ಲಿನ ಒತ್ತಡ ಮೂರು ನಾಲ್ಕು ಬಾರ್, ನೀರಿನದು ಒಂದು ಬಾರ್. ಕೂಲರಿನ ಒಳಗೆ ತೂತಾದರೆ ಓಡುವಾಗ ಆಯಿಲ್ಲು ನೀರಿಗೆ ನುಗ್ಗುತ್ತದೆ. ಎಂಜಿನ್ ನಿಂತ ಮೇಲೆ ಆಯಿಲ್ಲಿನ ಒತ್ತಡ ಸೊನ್ನೆ, ನೀರಿನ ಒತ್ತಡ ಇನ್ನೂ ಉಳಿದಿರುತ್ತದೆ. ಆಗ ನೀರು ಆಯಿಲ್ಲಿಗೆ ಇಳಿಯುತ್ತದೆ. ಹೊಸ ಗಾಡಿಗಳಲ್ಲಿ ಹೊಗೆಯನ್ನು ತಣಿಸಿ ಮತ್ತೆ ಎಂಜಿನ್ನಿಗೆ ಕಳಿಸುವ ಇಜಿಆರ್ ಕೂಲರು ಎಂಬ ಇನ್ನೊಂದು ಭಾಗ ಸೇರಿಕೊಂಡಿದೆ. ಅದು ಒಡೆದರೆ ಬಿಳಿ ಹೊಗೆ ಬರುತ್ತದೆ, ನೀರು ಮಾಯವಾಗುತ್ತದೆ, ಹೆಡ್ ಗ್ಯಾಸ್ಕೆಟ್ಟಿನ ತಪ್ಪೇನೂ ಇರುವುದಿಲ್ಲ.

ಗುಳ್ಳೆಯ ಪರೀಕ್ಷೆಗೆ ಖರ್ಚಿಲ್ಲ. ತಣ್ಣಗಿನ ಎಂಜಿನ್ನಿನ ಫ್ಯಾನ್ ಬೆಲ್ಟು ತೆಗೆದು, ಥರ್ಮೋಸ್ಟಾಟ್ ಬಿಚ್ಚಿ, ನೀರನ್ನು ಬಾಯಿಮಟ್ಟ ತುಂಬಿಸಿ ಒಂದು ನಿಮಿಷಕ್ಕಿಂತ ಕಡಿಮೆ ಹೊತ್ತು ಓಡಿಸಬೇಕು. ಪಂಪು ತಿರುಗುತ್ತಿಲ್ಲ, ಆದ್ದರಿಂದ ನೀರು ನಿಶ್ಚಲ. ಗುಳ್ಳೆ ಬಂದರೆ ಅದು ಅನಿಲವೇ. ಆದರೆ ಎಲ್ಲಿಯ ಅನಿಲ? ಏರ್ ಟ್ಯಾಂಕು ಖಾಲಿ ಇರುವಾಗ ಒಮ್ಮೆ, ತುಂಬಿ ಕಂಪ್ರೆಸರು ಹಗುರಾದ ಮೇಲೆ ಇನ್ನೊಮ್ಮೆ ನೋಡಿ. ನಡುವೆ ಎಂಜಿನ್ ತಣಿಯಲು ಬಿಡಬೇಕು, ಟ್ಯಾಂಕಿಗೆ ಹೊರಗಿನಿಂದ ಗಾಳಿ ತುಂಬಿಸಬೇಕು. ಎರಡನೆಯ ಸಲ ಗುಳ್ಳೆ ನಿಂತರೆ ಕಂಪ್ರೆಸರನ್ನು ಹಿಡಿಯಿರಿ. ಇನ್ನೊಂದು ಉಪಾಯ ನೀಲಿ ದ್ರಾವಣದ್ದು. ರೇಡಿಯೇಟರಿನ ಬಾಯಿಯ ಗಾಳಿಯನ್ನು ಅದರ ಮೂಲಕ ಎಳೆದಾಗ ಸುಟ್ಟ ಅನಿಲವಿದ್ದರೆ ನೀಲಿ ಹಸಿರಾಗುತ್ತದೆ, ಹಳದಿಗೆ ತಿರುಗುತ್ತದೆ. ಕಂಪ್ರೆಸರಿನ ಗಾಳಿಯಾದರೆ ನೀಲಿಯಾಗಿಯೇ ಉಳಿಯುತ್ತದೆ. ಡೀಸೆಲ್ ಎಂಜಿನ್ ಬರಿದೇ ಓಡುವಾಗ ಹೊಗೆಯಲ್ಲಿ ಇಂಗಾಲದ ಡೈಆಕ್ಸೈಡ್ ಕಡಿಮೆ, ಹಾಗಾಗಿ ಬಣ್ಣ ಬದಲಾಗದಿದ್ದರೆ ಗ್ಯಾಸ್ಕೆಟ್ ಸರಿಯಿದೆ ಎಂದು ಪೂರ್ತಿ ನಂಬಲೂ ಆಗದು. ಬದಲಾದರೆ ಮಾತ್ರ ನಂಬಬಹುದು.

ಒಂದು ಎಚ್ಚರಿಕೆ. ರಾತ್ರಿ ನೀರು ಕಡಿಮೆಯಾದ ಗಾಡಿಗೆ ಬೆಳಗ್ಗೆ ಸೀದಾ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿನಲ್ಲಿ ನೀರು ನಿಂತಿದ್ದರೆ ಪಿಸ್ಟನ್ನಿಗೆ ಅದನ್ನು ಒತ್ತಿ ಕುಗ್ಗಿಸಲು ಆಗುವುದಿಲ್ಲ. ಬಾಗುವುದು ಕನೆಕ್ಟಿಂಗ್ ರಾಡು. ಮೊದಲು ಕೈಯಿಂದ ಎರಡು ಸುತ್ತು ತಿರುಗಿಸಿ ನೋಡಿ. ಮತ್ತೊಂದು, ಘಾಟಿಯಲ್ಲಿ ಕುದಿದ ಗಾಡಿಯ ಮುಚ್ಚಳ ತೆರೆಯುವುದು. ಒಳಗೆ 110 ಡಿಗ್ರಿಯಲ್ಲಿ ಒತ್ತಡದಿಂದ ನಿಂತ ನೀರು ಮುಚ್ಚಳ ಸಡಿಲಾದ ಕ್ಷಣ ಹಬೆಯಾಗಿ ಸಿಡಿಯುತ್ತದೆ. ನೀರು ಹಬೆಯಾದಾಗ ಸಾವಿರದ ಆರುನೂರು ಪಟ್ಟಿಗೂ ಮೀರಿ ಹಿಗ್ಗುತ್ತದೆ. ಮುಖ ಬೆಂದ ಹದಿನೆಂಟರ ಕ್ಲೀನರ್ ಹುಡುಗನೊಬ್ಬನನ್ನು ನಾನೇ ಆಸ್ಪತ್ರೆಗೆ ಒಯ್ದಿದ್ದೇನೆ. ಮಳೆಗಾಲದಲ್ಲಿ ಘಾಟಿಯ ಬದಿಯಲ್ಲಿ ತಣ್ಣಗಿನ ತೊರೆ ಹರಿಯುತ್ತಿರುತ್ತದೆ, ಕೊಡದಲ್ಲಿ ತಂದು ಕುದಿಯುವ ಎಂಜಿನ್ನಿಗೆ ಸುರಿಯಬೇಕೆನಿಸುತ್ತದೆ. ಸುರಿದರೆ ಹೆಡ್ಡು ಬಿರುಕು ಬಿಡಬಹುದು. ಒಂದು ತಾಸು ಕಾಯಿರಿ. ಹಿಂದಿನ ಚಕ್ರಕ್ಕೆ ಕಲ್ಲಿಟ್ಟು ದೂರ ಕೂತು ಕಾಯಿರಿ.

ಇಷ್ಟೆಲ್ಲ ನೋಡಿಯೂ ಬೆರಳು ಹೆಡ್ ಗ್ಯಾಸ್ಕೆಟ್ಟನ್ನೇ ತೋರಿಸಿದರೆ ಆಗ ಬಿಚ್ಚೋಣ. ತಣ್ಣಗಿನ ಎಂಜಿನ್ನಿನಲ್ಲಿ, ಹೊರಗಿನ ಬೋಲ್ಟುಗಳಿಂದ ನಡುವಿನ ಕಡೆಗೆ, ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತ. ಒಂದೇ ಕಡೆ ಸಡಿಲಿಸಿದರೆ ಹೆಡ್ಡು ಬಾಗುತ್ತದೆ. ಪುಶ್ ರಾಡುಗಳನ್ನು ತೆಗೆದ ಕ್ರಮದಲ್ಲಿಯೇ ರಟ್ಟಿನಲ್ಲಿ ಚುಚ್ಚಿಡಬೇಕು. ಹೆಡ್ ಇಳಿದ ಕೂಡಲೇ ಹಳೆಯ ಗ್ಯಾಸ್ಕೆಟ್ಟನ್ನು ಮೂಲೆಗೆ ಎಸೆಯಬೇಡಿ, ಅದನ್ನು ಬೆಳಕಿಗೆ ಹಿಡಿದು ಓದಿ. ಬೆಂಕಿಯ ಉಂಗುರದಿಂದ ನೀರಿನ ತೂತಿನವರೆಗೆ ಕಪ್ಪು ಗೆರೆ ಇದ್ದರೆ ಅಲ್ಲೇ ಸೋರಿದ್ದು. ಒಂದು ಪಿಸ್ಟನ್ನಿನ ತಲೆ ಮಾತ್ರ ತೊಳೆದಂತೆ ಚೊಕ್ಕವಿದ್ದರೆ ಆ ಸಿಲಿಂಡರಿಗೆ ನೀರು ಬರುತ್ತಿತ್ತು, ಹಬೆ ಅದನ್ನು ತೊಳೆದಿದೆ. ಏನೂ ಇಲ್ಲದಿದ್ದರೆ ನಿಲ್ಲಿ, ಮತ್ತೆ ಯೋಚಿಸಿ. ನಾನು ಆ ದಿನ ಮಾಡದ ಕೆಲಸ ಇದು.

ಹಳೆಯ ಗಾಡಿಗಳ ಗ್ಯಾಸ್ಕೆಟ್ಟುಗಳಲ್ಲಿ ಕಲ್ನಾರು ಇರುತ್ತಿತ್ತು. ಅದನ್ನು ಒಣಗಿದಂತೆಯೇ ಕೆರೆದು ಊದಿದರೆ ಪುಡಿ ಶ್ವಾಸಕೋಶಕ್ಕೆ ಹೋಗುತ್ತದೆ. ಒದ್ದೆ ಮಾಡಿ ಕೆರೆಯಬೇಕು, ಮುಖಕ್ಕೆ ಮುಸುಕು ಬೇಕು. ಗ್ರೈಂಡರಿಗೆ ಉಜ್ಜುವ ಬಿಲ್ಲೆ ಹಾಕಿ ಬ್ಲಾಕಿನ ಮುಖ ಹೊಳಪಿಸುವುದು ಈಗಿನ ಹುಡುಗರಿಗೆ ಇಷ್ಟ, ಬೇಗ ಮುಗಿಯುತ್ತದೆ. ಆದರೆ ಆ ಬಿಲ್ಲೆಯ ಕಣ ಆಯಿಲ್ಲಿಗೆ ಇಳಿದು ಬೇರಿಂಗನ್ನು ತಿನ್ನುತ್ತದೆ, ಬ್ಲಾಕಿನಲ್ಲಿ ಕಣ್ಣಿಗೆ ಕಾಣದ ಗುಂಡಿ ಬೀಳುತ್ತದೆ.

ಆಮೇಲೆ ನೇರಪಟ್ಟಿ, ಫೀಲರ್ ಗೇಜು. ಹೆಡ್ಡಿನ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ. ನಮ್ಮ ತಲೆಕೂದಲಿನ ದಪ್ಪ ಸುಮಾರು ಮಿಲಿಮೀಟರಿನ ನೂರರಲ್ಲಿ ಏಳು ಭಾಗ. ಇಲ್ಲಿ ನಾವು ಹುಡುಕುವ ಡೊಂಕು ಅಷ್ಟೇ ಸಣ್ಣದು. ಎಷ್ಟರವರೆಗೆ ಬಿಡಬಹುದು ಎಂಬುದು ಆ ಎಂಜಿನ್ನಿನ ಪುಸ್ತಕದಲ್ಲಿದೆ, ಮೆಕ್ಯಾನಿಕ್ಕಿನ ಕಣ್ಣಂದಾಜಿನಲ್ಲಿ ಇಲ್ಲ. ಹೆಡ್ಡನ್ನು ಮಣಿಪಾಲದ ಶಿವಳ್ಳಿ ಕೈಗಾರಿಕಾ ಪ್ರದೇಶಕ್ಕೋ ಉಡುಪಿಗೋ ಲೇತಿಗೆ ಕಳಿಸಿ ಮುಖ ಹೊಡೆಸುವ ಮೊದಲು ಒತ್ತಡದ ಪರೀಕ್ಷೆ ಮಾಡಿಸಿ. ವಾಲ್ವ್ ಸೀಟುಗಳ ನಡುವೆ ಬಿರುಕಿದ್ದರೆ ಮುಖ ಹೊಡೆಸಿದ ಹಣ ದಂಡ. ಬ್ಲಾಕಿನ ಮುಖಕ್ಕೂ ಅದೇ ಪಟ್ಟಿ ಇಡಬೇಕು, ಅದನ್ನು ಮರೆಯುವವರೇ ಹೆಚ್ಚು. ನೀರು ಸುತ್ತುವ ಲೈನರು ಇರುವ ಎಂಜಿನ್ನಾದರೆ ಲೈನರಿನ ತುಟಿ ಬ್ಲಾಕಿನಿಂದ ಎಷ್ಟು ಮೇಲೆ ನಿಂತಿದೆ ಎಂದು ಡಯಲ್ ಗೇಜಿನಿಂದ ಅಳೆಯಬೇಕು. ಒಂದು ಲೈನರು ತಗ್ಗಿದ್ದರೆ ಅಲ್ಲಿ ಎಂಥ ಗ್ಯಾಸ್ಕೆಟ್ಟೂ ನಿಲ್ಲದು.

ಬೋಲ್ಟಿನ ಬಗ್ಗೆ ಹೇಳುವಾಗ ನನಗೆ ಮಾತು ಉದ್ದವಾಗುತ್ತದೆ, ಕ್ಷಮಿಸಿ. ಟಾರ್ಕ್ ರೆಂಚಿನಲ್ಲಿ ನಾವು ಹಾಕುವ ಬಲದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೋಲ್ಟಿನ ತಲೆಯಡಿ ಮತ್ತು ಮರೆಯಲ್ಲಿನ, ಅಂದರೆ ಥ್ರೆಡ್ಡಿನಲ್ಲಿನ, ಉಜ್ಜಾಟಕ್ಕೇ ಹೋಗುತ್ತದೆ. ಹೆಡ್ಡನ್ನು ಒತ್ತಿ ಹಿಡಿಯಲು ಉಳಿಯುವುದು ಒಂದು ಪಾಲು. ಹಾಗಾಗಿ ಮರೆಯಲ್ಲಿ ತುಕ್ಕು, ಮಣ್ಣು ಇದ್ದರೆ ರೆಂಚು ಸರಿಯಾದ ಅಂಕಿ ತೋರಿಸಿಯೂ ಬೋಲ್ಟು ಸಡಿಲವೇ ಇರುತ್ತದೆ. ಮರೆಗೆ ತೆಳುವಾಗಿ ಆಯಿಲ್ಲು ಸವರಬೇಕು. ಆದರೆ ಬ್ಲಾಕಿನ ತೂತಿನ ತಳದಲ್ಲಿ ಆಯಿಲ್ಲೋ ನೀರೋ ನಿಂತಿರಬಾರದು, ಬೋಲ್ಟು ಇಳಿದಾಗ ಅದು ಕುಗ್ಗದೆ ಬ್ಲಾಕನ್ನೇ ಸೀಳುತ್ತದೆ. ಕಮಿನ್ಸ್ 6ಬಿಟಿ ಎಂಜಿನ್ನಿನ ಹೆಡ್ಡಿಗೆ 26 ಬೋಲ್ಟು. ಮೊದಲು ಎಲ್ಲವೂ 90 ನ್ಯೂಟನ್ ಮೀಟರ್, ಆಮೇಲೆ ಉದ್ದದ ಬೋಲ್ಟುಗಳು 120, ಕೊನೆಗೆ ಎಲ್ಲಕ್ಕೂ ಕಾಲು ಸುತ್ತು. ಈ ಅಂಕಿ ಬೇರೆ ಎಂಜಿನ್ನಿಗೆ ಸಲ್ಲದು, ಅದೇ ಹೆಸರಿನ ಹೊಸ ಎಂಜಿನ್ನಿಗೂ ಸಲ್ಲಬೇಕೆಂದಿಲ್ಲ. ಪ್ಲೇಟಿನ ನಂಬರು ನೋಡಿ ಪುಸ್ತಕ ತೆರೆಯಿರಿ. ನಡುವಿನಿಂದ ಸುರುಳಿ ಸುತ್ತುತ್ತ ಹೊರಗೆ ಹೋಗುವ ಕ್ರಮ ಮಾತ್ರ ಹೆಚ್ಚು ಕಡಿಮೆ ಎಲ್ಲ ಕಡೆ ಒಂದೇ. ಎಳೆದು ಉದ್ದವಾಗಿರುವ ಬೋಲ್ಟನ್ನು ಉಳಿತಾಯಕ್ಕೆಂದು ಮತ್ತೆ ಹಾಕಬೇಡಿ. ಗ್ಯಾಸ್ಕೆಟ್ಟಿಗೆ ಗ್ರೀಸು, ಶೆಲ್ಲಾಕು, ಅಲ್ಯೂಮಿನಿಯಂ ಪೇಂಟು ಬಳಿಯುವ ರೂಢಿ ನಮ್ಮ ಹಿರಿಯರದ್ದು. ಅವರ ಕಾಲದ ಗ್ಯಾಸ್ಕೆಟ್ಟಿಗೆ ಅದು ಬೇಕಿತ್ತೋ ಏನೋ, ಈಗಿನ ಪದರ ಪದರದ ಉಕ್ಕಿನ ಗ್ಯಾಸ್ಕೆಟ್ಟನ್ನು ಒಣಗಿದಂತೆಯೇ ಕೂರಿಸಬೇಕು. ಯಾವ ಮುಖ ಮೇಲೆ ಬರಬೇಕು ಎಂಬ ಗುರುತನ್ನು ಎರಡು ಸಲ ನೋಡಿ.

ಕೂಲೆಂಟು ಚಳಿದೇಶದವರಿಗೆ, ನಮಗೇಕೆ ಎಂಬ ಪ್ರಶ್ನೆ ಕಾಪುವಿನಲ್ಲೂ ಕಾರ್ಕಳದಲ್ಲೂ ಕೇಳಿದ್ದೇನೆ. ಉಡುಪಿಯಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ನಿಜ. ಆದರೆ ಅದರ ಮುಖ್ಯ ಉಪಯೋಗ ನಮಗೆ ಬೇರೆ. ಕಡಲಂಚಿನ ಬಾವಿಗಳಲ್ಲಿ ಬೇಸಿಗೆಗೆ ಉಪ್ಪಿನ ಅಂಶ ಏರುತ್ತದೆ. ಒಳನಾಡಿನ ಮುರಕಲ್ಲಿನ ಬಾವಿಗಳ ನೀರು ಕುಡಿಯಲು ಸಿಹಿ, ಆದರೆ ಹೆಚ್ಚಿನ ಕಡೆ ಸ್ವಲ್ಪ ಹುಳಿಗುಣದ್ದು. ಎರಡೂ ಕಬ್ಬಿಣವನ್ನೂ ಅಲ್ಯೂಮಿನಿಯಮ್ಮನ್ನೂ ತಿನ್ನುತ್ತವೆ. ತುಕ್ಕು ರೇಡಿಯೇಟರಿನ ಕೊಳವೆಗಳಲ್ಲಿ ಕೂತು ದಾರಿ ಕಟ್ಟುತ್ತದೆ, ಗಾಡಿ ಬಿಸಿಯಾಗುತ್ತದೆ, ಕೊನೆಗೆ ಗ್ಯಾಸ್ಕೆಟ್ ಹೋಗುತ್ತದೆ. ಲಕ್ಷಣ ಮೇಲಿನದು, ಬೇರು ಬಾವಿಯಲ್ಲಿ. ಶುದ್ಧೀಕರಿಸಿದ ನೀರಿನಲ್ಲಿ ಕೂಲೆಂಟು ಬೆರೆಸಿ ಹಾಕಿದರೆ ತುಕ್ಕೂ ತಡೆಯುತ್ತದೆ, ಕುದಿಯುವ ಮಟ್ಟವೂ ಏರುತ್ತದೆ. ಹಳೆಯದನ್ನು ತೆಗೆದಾಗ ಚರಂಡಿಗೆ ಬಿಡಬೇಡಿ. ಅದರಲ್ಲಿರುವ ಗ್ಲೈಕಾಲ್ ಸಿಹಿ ರುಚಿಯ ವಿಷ, ಬಾಣಲೆಯಲ್ಲಿ ಬಿಟ್ಟರೆ ನಾಯಿ, ಕರು ನೆಕ್ಕುತ್ತವೆ. ಮುರಕಲ್ಲಿನ ನೆಲ ಜರಡಿಯಂತೆ, ಇಲ್ಲಿ ಚೆಲ್ಲಿದ್ದು ನೆರೆಮನೆಯ ಬಾವಿಗೆ ಇಳಿಯಲು ಹೆಚ್ಚು ದಿನ ಬೇಡ.

ಮಲ್ಪೆಯಲ್ಲಿ ಇದೇ ವಿದ್ಯೆ ಸಮುದ್ರಕ್ಕಿಳಿದಿದೆ. ಲಾರಿಯ ಎಂಜಿನ್ನಿನ ಜಾತಿಯವೇ ಮೀನುಗಾರಿಕೆ ಬೋಟುಗಳಲ್ಲಿ ಓಡುತ್ತವೆ, ಗಾಳಿಯ ಬದಲು ಕಡಲ ನೀರಿನಿಂದ ತಂಪಾಗುತ್ತ. ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಮೀನುಗಾರಿಕೆ ನಿಷೇಧದಲ್ಲಿ ದಡದಲ್ಲಿ ಹೆಡ್ಡುಗಳು ಬಿಚ್ಚಿಕೊಳ್ಳುತ್ತವೆ. ಅಲ್ಲಿನ ಮೆಕ್ಯಾನಿಕರು ತಾಳ್ಮೆಯಲ್ಲಿ ನಮಗಿಂತ ಮೇಲು. ಅವರ ಕೆಲಸ ಕೆಟ್ಟರೆ ಬದಿಗೆ ನಿಲ್ಲಿಸಲು ರಸ್ತೆಯ ಅಂಚು ಇರುವುದಿಲ್ಲವಲ್ಲ.

ಮತ್ತೆ ನಮ್ಮ ಲಾರಿಗೆ ಬರೋಣ. ಹೆಡ್ ಕೂರಿಸಿ, ಟ್ಯಾಪೆಟ್ ಹೊಂದಿಸಿ, ಗಾಳಿ ಹೊರಹೋಗುವ ತಿರುಪು ಬಿಚ್ಚಿ, ನೀರನ್ನು ನಿಧಾನವಾಗಿ ತುಂಬಿಸಬೇಕು. ಒಳಗೆ ಗಾಳಿ ಸಿಕ್ಕಿಕೊಂಡರೆ ಹೊಸ ಗ್ಯಾಸ್ಕೆಟ್ಟಿನ ಮೇಲೆಯೇ ಹೆಡ್ಡು ಕಾಯುತ್ತದೆ. ಗ್ಯಾರೇಜಿನಲ್ಲಿ ಅರ್ಧ ತಾಸು ಓಡಿಸಿ ಸರಿಯಾಯಿತು ಎಂದು ಕೊಡುವುದನ್ನು ನಾನು ಬಿಟ್ಟಿದ್ದೇನೆ. ಭಾರ ಹೇರಿಸಿ ಡ್ರೈವರಣ್ಣನ ಪಕ್ಕ ಕೂತು ಬಜಗೋಳಿ ದಾಟಿ ಮಾಳ ಘಾಟಿ ಏರುತ್ತೇನೆ. ಮೇಲೆ ನಿಲ್ಲಿಸಿ ಹೋಸು ಮುಟ್ಟಿ ನೋಡುತ್ತೇನೆ, ಇಳಿಯುವಾಗ ಗಾಳಿಯ ಮುಳ್ಳನ್ನೂ ಬಿಸಿಯ ಮುಳ್ಳನ್ನೂ ನೋಡುತ್ತಿರುತ್ತೇನೆ. ರಾತ್ರಿ ಲಾರಿ ನಮ್ಮಲ್ಲೇ ಉಳಿಯುತ್ತದೆ. ಬೆಳಗ್ಗೆ ಎಂಜಿನ್ ತಣ್ಣಗಿರುವಾಗ ಡ್ರೈವರಣ್ಣನ ಕೈಯಿಂದಲೇ ಮುಚ್ಚಳ ತೆರೆಸುತ್ತೇನೆ. ನೀರು ನಿನ್ನೆ ಬಿಟ್ಟ ಗುರುತಿನಲ್ಲೇ ನಿಂತಿದ್ದರೆ ಅವರು ತಮ್ಮ ಪುಸ್ತಕದ ನೀರಿನ ಲೆಕ್ಕದ ಗೆರೆಯಲ್ಲಿ ಸೊನ್ನೆ ಬರೆಯುತ್ತಾರೆ. ಆಮೇಲೆ ನಾನು ಬಿಲ್ಲು ಬರೆಯುತ್ತೇನೆ.